ಬಾನಿನಿಂದ ಬಿದ್ದ ಮರಿಗೆ

ಆಸ್ಟ್ರೇಲಿಯಾ ಖಂಡದ ನಟ್ಟನಡುವೆ, ಆಲಿಸ್ ಸ್ಪ್ರಿಂಗ್ಸ್ ಊರಿನಿಂದ ಪಡುವಲಿಗೆ ಸುಮಾರು 175 ಕಿಲೋಮೀಟರು ದೂರದ ಮರುಭೂಮಿಯಲ್ಲಿ, ಕೋಟೆಯಂತೆ ದುಂಡಗೆ ನಿಂತ ಗುಡ್ಡದ ಸಾಲೊಂದಿದೆ. ಇದರ ಅಡ್ಡಳತೆ ಸುಮಾರು 5 ಕಿಲೋಮೀಟರು. ಭೂಪಟದಲ್ಲಿ ಗಾಸ್ ಬ್ಲಫ್ ಎಂಬ ಹೆಸರುಂಟು. ಅಲ್ಲಿಯ ಮೂಲನಿವಾಸಿಗಳಾದ ಪಶ್ಚಿಮ ಅರಂಡ ಜನರು ಕರೆಯುವುದು ತ್ನೊರಾಲ ಎಂದು.

ಸುಮಾರು 14 ಕೋಟಿ ವರ್ಷಗಳ ಹಿಂದೆ ಆಕಾಶಕಾಯವೊಂದು ಇಲ್ಲಿ ಬಂದೆರಗಿತು. ಈ ಗುಡ್ಡದ ಬಳೆಯೇ ಅಂದಿನ ಕುಳಿಯ ಅಂಚೆಂದು ನೋಡಹೋದವರು ತಿಳಿಯುವುದು ಸಹಜ. ಆದರೆ ಅಂದಿನ ಕುಳಿ ಸುಮಾರು 22 ಕಿಲೋಮೀಟರು ಅಗಲವಿತ್ತು. ಅದರ ಅಂಚು ಮಳೆಗಾಳಿಗೆ ಸವೆದು ಎಂದೋ ನೆಲಸಮವಾಯಿತು. ಹಾಗಾದರೆ ಉಳಿದುದೇನು? ತುಂಬಿದ ಹಂಡೆಗೆ ಹನಿಯೊಂದು ಬಿದ್ದಾಗ ನೋಡಿರಿ: ಮೊದಲು ತಗ್ಗು, ಮರುಕ್ಷಣ ಆ ತಗ್ಗಿನ ನಡುವೆಯೇ ನೀರು ಮೇಲಕ್ಕೆ ಚಿಮ್ಮುತ್ತದೆ. ಅಂಥ ಮಹಾ ಪೆಟ್ಟಿಗೆ ಬಂಡೆಯೂ ನೀರಿನಂತೆ ವರ್ತಿಸುತ್ತದೆ. ಆಳದಲ್ಲಿದ್ದ ಮರಳುಗಲ್ಲಿನ ಪದರಗಳು ಕುಳಿಯ ನಡುವೆ ಮೇಲೆದ್ದು ನಿಂತುವು. ಅವುಗಳಲ್ಲಿ ಸವೆಯದೆ ಉಳಿದ ಗಟ್ಟಿ ಕಲ್ಲೇ ಇಂದಿನ ಬಳೆ. ಸಣ್ಣ ಕುಳಿಗಳಲ್ಲಿ ಹೀಗಾಗುವುದಿಲ್ಲ. ಮುಂಬಯಿ, ಪುಣೆಯ ವಾಚಕರಲ್ಲಿ ಕೆಲವರು ಲೋಣಾರ್ ಸರೋವರವನ್ನು ಕಂಡಿರಬಹುದು, ಸುಮಾರು 1.8 ಕಿಲೋಮೀಟರು ಅಗಲದ ಆ ಕುಳಿ ಬರಿಯ ಬೋಗುಣಿ, ನಡುವೆ ಗುಡ್ಡವಿಲ್ಲ.

ಇದು ಜ್ವಾಲಾಮುಖಿಯ ಕೆಲಸವಲ್ಲವೆಂದು ತಿಳಿದುದೆಂತು? ತ್ನೊರಾಲದ ಬಂಡೆಗಳಲ್ಲಿ ಶಂಕುವಿನಾಕಾರದ ಬಿರುಕುಗಳಿವೆ. ತುದಿಯಿಂದ ಬುಡಕ್ಕೆ ಕುದುರೆಬಾಲದಂತೆ ಗೀರುಗಳು. ವಾಲಿದ ಪದರಗಳನ್ನು ಮೊದಲಿನಂತೆ ಮಟ್ಟಸವಾಗಿ ಎಣಿಸಿ ನೋಡಿದರೆ ಶಂಕುಗಳ ತುದಿ ಮೇಲ್ಮುಖವಾಗುತ್ತದೆ. ಪೆಟ್ಟು ಬಿದ್ದುದು ಮೇಲಿನಿಂದ.

ಇನ್ನು ಅರಂಡ ಜನರ ಕಥೆ. ಸೃಷ್ಟಿಕಾಲದಲ್ಲಿ ಹೆಂಗಸರು ತಾರೆಗಳಾಗಿ ಆಕಾಶಗಂಗೆಯಲ್ಲಿ ಕುಣಿಯುತ್ತಿದ್ದರಂತೆ. ಒಬ್ಬ ತಾಯಿ ತನ್ನ ಕೂಸನ್ನು ಮರದ ಮರಿಗೆಯಲ್ಲಿ ಮಲಗಿಸಿ ಕುಣಿತಕ್ಕೆ ಹೋದಳು. ಮರಿಗೆ ಅಂಚಿನಿಂದುರುಳಿ ಭೂಮಿಗೆ ಬಿತ್ತು. ಬಿದ್ದ ಪೆಟ್ಟಿಗೆ ಸುತ್ತಲೂ ಬಂಡೆಗಳು ಮೇಲೆದ್ದುವು. ಸಂಜೆಯ ತಾರೆಯಾದ ತಾಯಿ, ಬೆಳಗಿನ ತಾರೆಯಾದ ತಂದೆ ಇಂದಿಗೂ ಕೂಸನ್ನು ಹುಡುಕುತ್ತಲೇ ಇದ್ದಾರೆ. ನಮ್ಮ ಹಳ್ಳಿಯವರು ಹೊತ್ತಾರೆ ನೋಡುವ ಬೆಳ್ಳಿಯೇ ಆ ತಂದೆ. ಖಗೋಳಶಾಸ್ತ್ರದ ಲೆಕ್ಕದಲ್ಲಿ ಇಬ್ಬರೂ ಒಂದೇ ಶುಕ್ರಗ್ರಹ. ಒಬ್ಬರು ಕಾಣುವಾಗ ಇನ್ನೊಬ್ಬರಿಲ್ಲ. ಕಥೆಯ ಸಂಕಟ ಇದರಿಂದ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲವೆಂದು ನನಗೆ ತೋರುತ್ತದೆ.

ಇಲ್ಲಿ ಇನ್ನೊಂದು ದುಃಖವೂ ಉಂಟು. ಬಿಳಿಯರು ಬರುವ ಮೊದಲೇ, ಇಲ್ಲಿ ಬೀಡುಬಿಟ್ಟಿದ್ದ ಜನರ ಕಗ್ಗೊಲೆ ನಡೆಯಿತೆಂದು ಅವರ ಹಿರಿಯರು ಹೇಳುತ್ತಾರೆ. ತ್ನೊರಾಲ ಈಗ ಕಾನೂನಿನ ರಕ್ಷಣೆಯಿರುವ ಪವಿತ್ರಸ್ಥಳ. ಹಗಲು ಬಂದು ಗೊತ್ತಾದ ಹಾದಿಯಲ್ಲಿ ನಡೆದು ನೋಡಬಹುದು, ರಾತ್ರಿ ತಂಗುವಂತಿಲ್ಲ.