ಅಕ್ಷರದ ಹಿಂದಿನ ಅಂಕೆ: ಗಣಕದಲ್ಲಿ ಕನ್ನಡವೂ ನಾಗರಿಕ ಪತ್ರವ್ಯವಹಾರವೂ

ಪ್ರೌಢಶಾಲೆಯ ಪತ್ರಲೇಖನ ಪಾಠದಲ್ಲಿ ‘ಇಂದ’, ‘ಗೆ’, ವಿಷಯ, ಒಕ್ಕಣೆ, ಸಹಿ ಇಷ್ಟನ್ನು ಕಲಿಸಿದರೆ ಪಾಠ ಮುಗಿಯಿತೆಂದು ಭಾವಿಸುವುದು ರೂಢಿ. ಪತ್ರವು ಕಾಗದವಾಗಿಯೇ ಕಚೇರಿ ಸೇರುತ್ತಿದ್ದ ಕಾಲಕ್ಕೆ ಅಷ್ಟು ಸಾಕಾಗಿತ್ತು. ಈಗ ಅರ್ಜಿ, ದೂರು, ಮನವಿಗಳು ಹೆಚ್ಚೆಚ್ಚಾಗಿ ಗಣಕದ ಮೂಲಕ ಸಾಗುತ್ತಿವೆ. ಗಡಿಯಾಚೆಯ ಕನ್ನಡಿಗನ ಮನವಿ ಕನ್ನಡವಾಗಿಯೇ ಅಧಿಕಾರಿಯ ಪರದೆಯನ್ನು ಮುಟ್ಟಬೇಕಾದರೆ ಒಕ್ಕಣೆ ಶುದ್ಧವಾಗಿದ್ದರೆ ಸಾಲದು. ಅಕ್ಷರವನ್ನು ಗಣಕವು ಯಾವ ಸಂಕೇತದಲ್ಲಿ ಇರಿಸಿಕೊಂಡಿದೆ ಎಂಬುದೂ ಮುಖ್ಯ.

ಮೊದಲು ಹಕ್ಕಿನ ಮಾತು. ಸಂವಿಧಾನದ 350ನೆಯ ವಿಧಿಯಂತೆ, ಕುಂದುಕೊರತೆಯ ನಿವಾರಣೆಗಾಗಿ ಯಾವುದೇ ವ್ಯಕ್ತಿಯು ಒಕ್ಕೂಟದಲ್ಲಿ ಅಥವಾ ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಸಲ್ಲಿಸಬಹುದು. ಉತ್ತರವೂ ಅದೇ ಭಾಷೆಯಲ್ಲಿರಬೇಕೆಂದು ಆ ವಿಧಿ ಹೇಳುವುದಿಲ್ಲ. ಕೇರಳದ 1969ರ ರಾಜಭಾಷಾ ಅಧಿನಿಯಮ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಲು, ಉತ್ತರವನ್ನು ಅದೇ ಭಾಷೆಯಲ್ಲಿ ಪಡೆಯಲು ಅವಕಾಶ ನೀಡಿದೆ. ಮಕ್ಕಳಿಗೆ ಇದನ್ನು ಕಂಠಪಾಠ ಮಾಡಿಸುವುದಕ್ಕಿಂತ, ತಮ್ಮ ಊರಿನ ನೀರು, ಬಸ್ಸು, ಪಡಿತರದ ಬಗ್ಗೆ ನಿಜವಾದ ಮನವಿಯೊಂದನ್ನು ಬರೆಸುವುದು ಮೇಲು.

ಆ ಮನವಿಯನ್ನು ಹಳೆಯ ಬಗೆಯ ಕನ್ನಡ ಫಾಂಟಿನಲ್ಲಿ ಟೈಪು ಮಾಡಿ ಮಿಂಚಂಚೆಯಲ್ಲಿ ಕಳುಹಿಸಿದರೆ ಏನಾಗುತ್ತದೆ? ಆ ಫಾಂಟುಗಳು ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಮತ್ತು ಇತರ ಐರೋಪ್ಯ ಲಿಪಿಚಿಹ್ನೆಗಳ ಸ್ಥಾನದಲ್ಲಿ ಕೂರಿಸಿದ್ದವು. ಗಣಕದ ನೆನಪಿನಲ್ಲಿ ಉಳಿಯುತ್ತಿದ್ದುದು ಇಂಗ್ಲಿಷ್ ಅಕ್ಷರ. ಕಣ್ಣಿಗೆ ತೋರುತ್ತಿದ್ದುದು ಮಾತ್ರ ಕನ್ನಡ. ‘ನುಡಿ’ಯ ಹಳೆಯ ಫಾಂಟಿನಲ್ಲಿ ಬರೆದ ‘ಕನ್ನಡ’ ಎಂಬ ಮೂರಕ್ಷರದ ಪದ, ಆ ಫಾಂಟಿಲ್ಲದ ಯಂತ್ರದಲ್ಲಿ ಏಳು ಚಿಹ್ನೆಗಳ ಸಾಲಾಗುತ್ತದೆ: ಒಂದು ‘ಪಿ’, ತಲೆಯ ಮೇಲೆ ಗೀಟುಳ್ಳ ‘ಎ’, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಗೀಟುಳ್ಳ ‘ಎ’, ಒಂದು ಜರ್ಮನ್ ಅಕ್ಷರ, ‘ಕ್ಯೂ’, ಕೊನೆಗೆ ಇನ್ನೊಂದು ‘ಎ’. ಬೆಂಗಳೂರಿನ ಕಚೇರಿಯಲ್ಲಿ ಆ ಫಾಂಟು ಇದ್ದೀತು. ಈರೋಡಿನಲ್ಲೋ ಸೊಲ್ಲಾಪುರದಲ್ಲೋ ಅದನ್ನು ಅಳವಡಿಸಿಟ್ಟುಕೊಂಡವರು ವಿರಳ. ಅಲ್ಲಿನ ಗುಮಾಸ್ತನಿಗೆ ಅದು ಕನ್ನಡದ ಮನವಿಯೆಂದೇ ತಿಳಿಯದು. ಗಡಿನಾಡಿನ ಅಧ್ಯಾಪಕರಿಗೆ ಈ ವಿಷಯ ಒಳನಾಡಿನವರಿಗಿಂತ ಹೆಚ್ಚು ಅಗತ್ಯವಾಗಿರುವುದು ಇದರಿಂದಲೇ.

ಯೂನಿಕೋಡ್ ಈ ತೊಡಕನ್ನು ಬಿಡಿಸಿತು. ಅದು ಪ್ರತಿ ಲಿಪಿಗೂ ಪ್ರತ್ಯೇಕ ಸಾಲನ್ನು, ಪ್ರತಿ ಅಕ್ಷರಕ್ಕೂ ಸ್ಥಿರವಾದ ಅಂಕೆಯನ್ನು ಕೊಡುತ್ತದೆ. ಕನ್ನಡದ ಸಾಲು 3200ರಿಂದ 3327ರವರೆಗೆ. ‘ಕನ್ನಡ’ ಎಂಬುದು ಅಲ್ಲಿ 3221, 3240, 3277, 3240, 3233 ಎಂದು ಐದು ಅಂಕೆಗಳಾಗಿ ಉಳಿಯುತ್ತದೆ. ನಡುವಿನ 3277 ವಿರಾಮಚಿಹ್ನೆ, ಅಂದರೆ ‘ನ’ಕಾರದ ಸ್ವರವನ್ನು ತೆಗೆಯುವ ಗುರುತು. ವ್ಯಾಕರಣ ಪಾಠದ ‘ನ್ + ನ’ ಇಲ್ಲಿ ಕಣ್ಣಿಗೆ ಕಾಣುವಂತಿದೆ.

ಎರಡು ಲಿಪಿಗಳ ನಡುವೆ ಬೆಳೆಯುವ ಮಕ್ಕಳಿಗೆ ಇಲ್ಲೊಂದು ಸೊಗಸಾದ ಆಟವೂ ಅಡಗಿದೆ. ಯೂನಿಕೋಡ್ ಭಾರತೀಯ ಲಿಪಿಗಳ ಮುಖ್ಯ ಅಕ್ಷರಗಳನ್ನು ಅದಕ್ಕೂ ಹಿಂದಿನ ‘ಇಸ್ಕಿ’ ಸಂಕೇತದ ಕ್ರಮದಲ್ಲಿ ಜೋಡಿಸಿದ್ದರಿಂದ, ಎಲ್ಲ ಸಾಲುಗಳಲ್ಲಿಯೂ ‘ಕ’ಕಾರ ಒಂದೇ ಪೀಠದಲ್ಲಿ ಕುಳಿತಿದೆ. ಕನ್ನಡದ ‘ಕ’ 3221. ಅದರಿಂದ 128 ಕಳೆದರೆ ತೆಲುಗಿನ ‘ಕ’, 128 ಕೂಡಿಸಿದರೆ ಮಲಯಾಳದ್ದು, 256 ಕಳೆದರೆ ತಮಿಳಿನದು, 896 ಕಳೆದರೆ ಮರಾಠಿ ಬರೆಯುವ ದೇವನಾಗರಿಯದು. ಮಗುವಿಗೆ ತನ್ನ ಹೆಸರನ್ನು ಅಂಕೆಗಳಲ್ಲಿ ಬರೆಯಲು ಹೇಳಿ, ಗೆಳೆಯನು ಅದನ್ನು ರಾಜ್ಯಭಾಷೆಯ ಲಿಪಿಗೆ ಇಳಿಸುವಂತೆ ಮಾಡಬಹುದು. ತಾಳವಾಡಿಯ ಮಕ್ಕಳು ‘ಗ’ಕಾರದ 3223ರಿಂದ 256 ಕಳೆದು 2967ನ್ನು ಹುಡುಕಿದಾಗ ಆ ಪೀಠ ಬರಿದಾಗಿರುತ್ತದೆ. ತಮಿಳು ಲಿಪಿಯಲ್ಲಿ ‘ಗ’ಕ್ಕೆ ಬೇರೆ ಅಕ್ಷರವಿಲ್ಲವೆಂಬುದನ್ನು ಅವರು ತಾವಾಗಿಯೇ ಕಂಡುಕೊಳ್ಳುತ್ತಾರೆ.

ಬರಿದಾದ ಪೀಠ ಕನ್ನಡದಲ್ಲಿಯೂ ಒಂದಿದೆ, ಅದರ ಕಥೆ ಸ್ವಾರಸ್ಯಕರವಾದುದು. ಹಳಗನ್ನಡದ ‘ೞ’ ತಮಿಳು, ಮಲಯಾಳಗಳಲ್ಲಿ ಇಂದಿಗೂ ಜೀವಂತವಾಗಿದೆ. ‘ಬಾೞ್’ ಎಂಬುದು ತಮಿಳರ ‘ವಾೞ್’. ಆ ಎರಡು ಸಾಲುಗಳಲ್ಲಿ ಅದರ ಅಂಕೆ 2996 ಮತ್ತು 3380. ಅದಕ್ಕೆ ಸರಿಸಮನಾದ ಕನ್ನಡದ 3252 ಖಾಲಿ. ಕನ್ನಡದ ‘ೞ’ ಇರುವುದು ದೂರದ 3294ರಲ್ಲಿ, ಅದೂ ‘ಫ಼’ ಎಂಬ ತಪ್ಪು ಹೆಸರಿನಿಂದ; ದೇವನಾಗರಿಯ ಸಾಲಿನಲ್ಲಿ ಅದೇ ಪೀಠದಲ್ಲಿರುವುದು ಆ ‘ಫ಼’. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮವಾದುದರಿಂದ, ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಪಕ್ಕದಲ್ಲಿ ಸೇರಿಸಲಾಗಿದೆಯಷ್ಟೆ. ಕನ್ನಡ ಬಲ್ಲವರು ಪಟ್ಟಿಯ ಬಳಿ ಇಲ್ಲದಿದ್ದರೆ ಕನ್ನಡದ ಅಕ್ಷರವೂ ಬೇರೊಂದು ಹೆಸರಿನಲ್ಲಿ ದಾಖಲಾಗುತ್ತದೆ. ಗಡಿನಾಡಿನ ಊರ ಹೆಸರುಗಳ ವಿಷಯದಲ್ಲಿ ಇದು ಹೊಸ ಅನುಭವವೇನಲ್ಲ.

ಟೈಪಿಸುವಾಗ ಎರಡು ಸಂಗತಿಗಳಿಗೆ ಗಮನ ಬೇಕು. ಅರ್ಕಾವತ್ತು ಬರವಣಿಗೆಯಲ್ಲಿ ಕೊನೆಗೆ ಬಂದರೂ ಉಚ್ಚಾರಣೆಯಲ್ಲಿ ಮೊದಲು. ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನೇ ಹಿಡಿಯುತ್ತದೆ. ‘ಸೂರ್ಯ’ದಲ್ಲಿ ‘ರ್’ ಒತ್ತಿದ ಮೇಲೆ ‘ಯ’ ಒತ್ತಬೇಕು. ‘ರ‍್ಯಾಲಿ’ಯಂಥ ಪದಕ್ಕಾದರೆ ಕಣ್ಣಿಗೆ ಕಾಣದ ಕೂಡುಚಿಹ್ನೆ ಬೇಕಾಗುತ್ತದೆ. ‘ಸಾಫ್ಟ್‌ವೇರ್’ ಎಂಬಲ್ಲಿ ಒತ್ತಕ್ಷರವನ್ನು ತಡೆಯುವುದೂ ಅಂಥದೇ ಅದೃಶ್ಯ ಚಿಹ್ನೆ. ಹೆಸರೊಂದನ್ನು ಒಂದು ದಾಖಲೆಯಲ್ಲಿ ಈ ಚಿಹ್ನೆಯೊಡನೆಯೂ ಇನ್ನೊಂದರಲ್ಲಿ ಅದಿಲ್ಲದೆಯೂ ಬರೆದರೆ, ಗಣಕದ ಹುಡುಕಾಟದಲ್ಲಿ ಅವೆರಡೂ ಬೇರೆ ಬೇರೆ ಹೆಸರುಗಳಾಗುವ ಸಂಭವವಿದೆ. ಪಡಿತರ ಚೀಟಿಯಲ್ಲಿಯೂ ಶಾಲೆಯ ದಾಖಲೆಯಲ್ಲಿಯೂ ಹೆಸರು ಒಂದೇ ರೀತಿ ಇರಬೇಕೆಂದು ಹಿರಿಯರು ಹೇಳುವ ಎಚ್ಚರಿಕೆ ಇಲ್ಲಿಗೂ ಸಲ್ಲುತ್ತದೆ.

ತರಗತಿಯ ಚಟುವಟಿಕೆ: ಮಕ್ಕಳು ಗುಂಪಾಗಿ ಮನವಿಯನ್ನು ಮೊದಲು ಕೈಯಲ್ಲಿ ಬರೆದು ತಿದ್ದಿ, ಬಳಿಕ ಅಧ್ಯಾಪಕರ ಮೊಬೈಲಿನಲ್ಲಿ ಟೈಪು ಮಾಡಲಿ. ಅದನ್ನು ಬೇರೊಂದು ಫೋನಿಗೆ ಕಳುಹಿಸಿ, ಅಕ್ಷರಗಳು ಕೆಡದೆ ಬಂದಿವೆಯೇ, ಊರಿನ ಹೆಸರನ್ನು ಹುಡುಕಿದರೆ ಸಿಗುತ್ತದೆಯೇ ಎಂದು ಪರೀಕ್ಷಿಸಲಿ. ಬರೆದ ಹಾಳೆಯ ಫೋಟೋ ಕಳುಹಿಸುವುದು ಸುಲಭವೆಂದು ಕೆಲವರು ಹೇಳುವುದುಂಟು. ಆದರೆ ಫೋಟೋ ಗಣಕಕ್ಕೆ ಚಿತ್ರವೇ ಹೊರತು ಬರಹವಲ್ಲ, ಅದರೊಳಗಿನ ಪದಗಳು ಸಾಮಾನ್ಯ ಹುಡುಕಾಟಕ್ಕೆ ಸಿಗುವುದಿಲ್ಲ. ಪರಿಶೀಲಿಸಿದ ಮನವಿಗೆ ದಿನಾಂಕ ಹಾಕಿ ಕಳುಹಿಸಿ, ಸ್ವೀಕೃತಿ ಸಂಖ್ಯೆಯನ್ನು ತರಗತಿಯ ಪುಸ್ತಕದಲ್ಲಿ ಬರೆದಿಡಬೇಕು. ಉತ್ತರ ಯಾವ ಭಾಷೆಯಲ್ಲಿ ಬಂದಿತೆಂಬುದನ್ನೂ ಅದೇ ಪುಟದಲ್ಲಿ ದಾಖಲಿಸುವುದು.