ಮನೆಯಲ್ಲಿ ಕೂತು ದುಡಿಯುವವರಿಗೂ ಕಾನೂನಿನ ಕಾವಲು

ಮನೆಯಿಂದಲೇ ಕೆಲಸ ಮಾಡುವವರಿಗೆಂದು ಭಾರತದಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ಅರಕಲಗೂಡು, ಕೊಣನೂರು, ರಾಮನಾಥಪುರದ ಕಡೆಗೆ ಬಂದವರಿಗೆ ವರ್ಕ್ ಫ್ರಂ ಹೋಮ್ ಹೊಸ ಅನುಭವವಾಗಿತ್ತು. ಈಗ ಅದು ರೂಢಿಯ ಮಾತು. ಕಾಯ್ದೆ ಇಲ್ಲದ ಮಾತ್ರಕ್ಕೆ ಹಕ್ಕೂ ಇಲ್ಲ ಎಂದುಕೊಳ್ಳುವುದು ತಪ್ಪು.

ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ಸಂಸ್ಥೆಯೊಳಗೆ ಕೆಲಸ ಮಾಡುವವರಷ್ಟೇ ಅಲ್ಲ, ಸಂಸ್ಥೆಗೆ ಸಂಬಂಧಿಸಿದ ಕೆಲಸಕ್ಕೆ ನೇಮಕಗೊಂಡವರೂ ನೌಕರರು. ಬೆಂಗಳೂರಿನ ಕಂಪನಿಯ ಲೆಕ್ಕಪತ್ರವನ್ನು ದೊಡ್ಡಮಗ್ಗೆಯ ಮನೆಯ ಪಡಸಾಲೆಯಲ್ಲಿ ಕೂತು ನೋಡಿಕೊಳ್ಳುವವರಿಗೂ ಈ ಮಾತು ಅನ್ವಯಿಸುತ್ತದೆ. ದುಡಿಮೆಯ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಅದನ್ನು ಮೀರಿದರೆ ಎರಡು ಪಟ್ಟು ವೇತನ ಕೊಡಬೇಕು. ವಾರದ ರಜೆ ಕಡ್ಡಾಯ. ಕೆಲಸಕ್ಕೆ ಸೇರಿದ 30 ದಿನದೊಳಗೆ ನೇಮಕಾತಿ ಆದೇಶ ಸಿಗಬೇಕು. ಆರು ತಿಂಗಳು ಸೇವೆ ಸಲ್ಲಿಸಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಆ ಅವಧಿಯ ಸಂಬಳ ಕೊಡದೆ ತೆಗೆಯುವಂತಿಲ್ಲ. ಆಡಳಿತ ಹುದ್ದೆಯಲ್ಲಿರುವವರಿಗೆ ಈ ರಕ್ಷಣೆ ಪೂರ್ತಿಯಾಗಿ ಸಿಗದು.

ತೊಂದರೆ ಬರುವುದು ದುಡಿಮೆಯ ಸಮಯ ಮಿತಿ ಮೀರಿತೆಂದು ಸಾಬೀತು ಮಾಡುವಲ್ಲಿ. ಊಟಕ್ಕೆ ಕೂತಾಗ ಬರುವ ಮೇಲಧಿಕಾರಿಯ ಮೆಸೇಜು ಯಾವ ಹಾಜರಿ ಪುಸ್ತಕಕ್ಕೂ ಸೇರುವುದಿಲ್ಲ. ಇತ್ತ ಮನೆಯಿಂದ ದುಡಿಯುವ ಹೆಣ್ಣುಮಗಳು ಮನೆಯವರ ಕಣ್ಣಿಗೆ ಮನೆಯಲ್ಲೇ ಇದ್ದಾಳೆ. ಅಡುಗೆ, ಹಾಲಿನ ಡೇರಿ, ಮಕ್ಕಳ ಹೋಂವರ್ಕ್ ಎಲ್ಲವೂ ಆಕೆಯ ಪಾಲಿಗೇ ಬೀಳುತ್ತವೆ. ಹೆಣ್ಣುಮಕ್ಕಳ ಮೇಲೆ ಬೀಳುವ ಈ ಎರಡು ಪಾಳಿಯ ಹೊರೆಯನ್ನು ಯಾವ ಕಾಯ್ದೆಯೂ ಅಳೆಯುವುದಿಲ್ಲ. ಕಚೇರಿಯ ಪಾಳಿಯನ್ನಾದರೂ ಲೆಕ್ಕಕ್ಕೆ ಹಿಡಿಯಬಹುದು. ಲಾಗಿನ್ ಸಮಯ, ಇಮೇಲ್, ವಾಟ್ಸಾಪ್ ಸಂದೇಶಗಳನ್ನು ಅಳಿಸದೆ ಉಳಿಸಿಕೊಂಡರೆ ಕಾರ್ಮಿಕ ಇಲಾಖೆಗೆ ದೂರು ಕೊಡುವಾಗ ಅವೇ ದಾಖಲೆ.

ಹೆರಿಗೆ ರಜೆಯ 26 ವಾರ ಮುಗಿದ ಮೇಲೆ, ಕೆಲಸದ ಸ್ವರೂಪ ಒಪ್ಪುವಂತಿದ್ದರೆ, ಮಾಲೀಕರೊಂದಿಗೆ ಮಾತಾಡಿ ಮನೆಯಿಂದಲೇ ದುಡಿಯಲು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಅವಕಾಶ ಕೊಟ್ಟಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಇದಕ್ಕೆ ಇಬ್ಬರ ಒಪ್ಪಿಗೆಯೂ ಬೇಕು.

ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಲ್ಲಿ ‘ಕೆಲಸದ ಸ್ಥಳ’ದ ವ್ಯಾಖ್ಯೆಯೊಳಗೆ ವಾಸದ ಮನೆಯೂ ಇದೆ. ವಿಡಿಯೊ ಕರೆಯಲ್ಲೋ ಚಾಟ್‌ನಲ್ಲೋ ಸಹೋದ್ಯೋಗಿ ಅಸಭ್ಯವಾಗಿ ನಡೆದುಕೊಂಡರೆ ಮೂರು ತಿಂಗಳೊಳಗೆ ಸಂಸ್ಥೆಯ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಬೇಕು. ಹತ್ತಕ್ಕಿಂತ ಕಡಿಮೆ ನೌಕರರಿರುವ ಕಡೆ, ಅಥವಾ ಮಾಲೀಕನೇ ಆರೋಪಿಯಾದರೆ, ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಗ್ರಾಮೀಣ ಭಾಗದಲ್ಲಿ ಅದನ್ನು ಪಡೆದು ಏಳು ದಿನದೊಳಗೆ ಸಮಿತಿಗೆ ತಲುಪಿಸಲು ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ ಇರಬೇಕೆಂಬುದು ಕಾಯ್ದೆಯ ಅಪ್ಪಣೆ.

ಊರಿನ ಮನೆಗಳಿಗೆ ಹೆಚ್ಚು ಹತ್ತಿರದ ಅಪಾಯ ‘ಮನೆಯಲ್ಲೇ ಕೂತು ಸಂಪಾದಿಸಿ’ ಎಂಬ ವಂಚನೆ. ಟೈಪಿಂಗ್ ಕೆಲಸವೆಂದು ಹೇಳಿ ನೋಂದಣಿ ಶುಲ್ಕ ಕಟ್ಟಿಸಿಕೊಳ್ಳುತ್ತಾರೆ, ಮೊಬೈಲಿನಲ್ಲೇ ಕರಾರಿಗೆ ಸಹಿ ಪಡೆಯುತ್ತಾರೆ. ಕೆಲಸ ಮುಗಿಸಿ ಕಳಿಸಿದ ಮೇಲೆ ತಪ್ಪು ಹೆಚ್ಚಿವೆ ಎಂದು ತಕರಾರು. ಆಮೇಲೆ ವಾಟ್ಸಾಪಿಗೆ ವಕೀಲರ ಹೆಸರಿನ ನೋಟಿಸ್ ಬರುತ್ತದೆ: ದಂಡ ಕಟ್ಟದಿದ್ದರೆ ಬಂಧನ. ಮರ್ಯಾದೆಗೆ ಅಂಜಿ ಸಾಲ ಮಾಡಿ ಕಟ್ಟುವವರಿದ್ದಾರೆ. ಕರಾರು ಮುರಿಯುವುದು ಸಿವಿಲ್ ವಿಷಯ. ಅದಕ್ಕಾಗಿ ಯಾರೂ ಮನೆಗೆ ಬಂದು ಬಂಧಿಸುವುದಿಲ್ಲ. ಮೋಸದಿಂದ ಪಡೆದ ಕರಾರನ್ನು ರದ್ದುಪಡಿಸಿಕೊಳ್ಳುವ ಹಕ್ಕನ್ನು ಭಾರತೀಯ ಕರಾರು ಕಾಯ್ದೆ, 1872ರ 19ನೇ ಕಲಂ ಕೊಟ್ಟಿದೆ. ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ, ವಂಚಕರ ಖಾತೆಯಿಂದ ಹಣ ಮುಂದಕ್ಕೆ ಹೋಗದಂತೆ ತಡೆಯುವ ಸಾಧ್ಯತೆ ಹೆಚ್ಚು. ದೂರನ್ನು ಅರಕಲಗೂಡಿನ ಠಾಣೆಯಲ್ಲೂ ಕೊಡಬಹುದು. ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ತಿರಸ್ಕರಿಸುವಂತಿಲ್ಲ.

ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಉಂಟು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು.