ಮಣ್ಣಿನ ಮಾಳಿಗೆ ಸೋರಲಿಲ್ಲ, ಸ್ಲ್ಯಾಬ್ ಯಾಕೆ ಸೋರುತ್ತದೆ?

ಪ್ರಶ್ನೆ: ಮಸ್ಕಿಯಲ್ಲಿದ್ದ ನಮ್ಮ ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆ ಸೋರಿದ್ದು ನನಗೆ ನೆನಪಿಲ್ಲ. ಸಿಂಧನೂರಿನಲ್ಲಿ ನಾವು ಕಟ್ಟಿಸಿದ ಆರ್‌ಸಿಸಿ ಮನೆ ಆರನೇ ಮಳೆಗಾಲಕ್ಕೇ ತೊಟ್ಟಿಕ್ಕುತ್ತಿದೆ. ಮೆಣಸಿನಕಾಯಿ, ಶ್ಯಾವಿಗೆ ಒಣಹಾಕಲು ಮೇಲ್ಭಾಗ ನುಣುಪಾಗಿಯೂ ಇರಬೇಕು, ನೀರೂ ಇಳಿಯಬಾರದು. ಲಿಂಗಸುಗೂರಿನ ಬೀಗರು ಫರ್ಸಿ ಹಾಸಿಸಿ ಅನ್ನುತ್ತಾರೆ, ಅಂಗಡಿಯವರು ಕೆಮಿಕಲ್ ಬಳಿಸಿ ಅನ್ನುತ್ತಾರೆ. ಯಾವ ಸಾಮಾನು ಒಳ್ಳೆಯದು?
– ಓದುಗರೊಬ್ಬರು, ಸಿಂಧನೂರು

ಉತ್ತರ: ನಿಮ್ಮ ಅಜ್ಜನ ಮಾಳಿಗೆಯಿಂದಲೇ ಶುರು ಮಾಡೋಣ. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಚಕ್ಕೆ, ಬೇವಿನ ಸೊಪ್ಪು, ಅದರ ಮೇಲೆ ಗೇಣು ದಪ್ಪ ಮಣ್ಣು. ಕಣ್ಣು ಹಾಯಿಸಿದಷ್ಟು ದೂರ ಎರೆಮಣ್ಣೇ ಇದ್ದರೂ ಹಿರಿಯರು ಮಾಳಿಗೆಯ ಮೇಲ್ಪದರಕ್ಕೆ ಅದನ್ನು ಹಾಕಲಿಲ್ಲ. ಊರಾಚೆಯ ಸವಳು ನೆಲದಿಂದ ಗಾಡಿಯಲ್ಲಿ ಹೇರಿ ತಂದರು. ಎರೆ ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಕೈ ತೂರುವಷ್ಟು ಬಿರಿಯುತ್ತದೆ. ಸವಳು ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ಮಳೆನೀರು ತಾಗಿದ ಕೂಡಲೇ ಅದರ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಸಣ್ಣ ಸಣ್ಣ ಸಂದುಗಳಲ್ಲಿ ಕೂತುಬಿಡುತ್ತವೆ. ಆಮೇಲೆ ನೀರಿಗೆ ಕೆಳಗಿಳಿಯಲು ದಾರಿಯಿಲ್ಲ, ಮೇಲ್ಮೇಲೆಯೇ ಹರಿದು ದೋಣಿ ಸೇರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತ ಬೆಳೆಯುವ ನಿಮ್ಮ ಕಡೆಯ ರೈತರು ಯಾವ ಗುಣಕ್ಕೆ ಸವಳು ಭೂಮಿಯನ್ನು ಶಪಿಸುತ್ತಾರೋ ಅದೇ ಗುಣ ಮನೆಯ ಮೇಲೆ ಕೂತು ಮಂದಿಯನ್ನು ಕಾಯಿತು. ಪ್ರಯೋಗಾಲಯವಿಲ್ಲದೆ ಇದನ್ನು ಕಂಡುಕೊಂಡವರ ಬಗ್ಗೆ ನನಗೆ ಬಹಳ ಗೌರವ.

ಆದರೆ ನಿಮ್ಮ ನೆನಪಿಗೆ ಒಂದು ಮಾತು ಸೇರಿಸಲೇಬೇಕು. ಮುಂಗಾರಿಗೆ ಮುಂಚೆ ಪ್ರತಿ ವರ್ಷ ಯಾರೋ ಮೇಲೆ ಹತ್ತಿ, ಬೆಳೆದ ಹುಲ್ಲು ಕಿತ್ತು, ಹೊಸ ಮಣ್ಣು ಹರಡುತ್ತಿದ್ದರು. ಮಳೆ ಹಿಡಿದ ರಾತ್ರಿ ಒಳಗೆ ಹನಿ ಬಿದ್ದರೆ ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗಿ ಆ ಜಾಗವನ್ನು ತುಳಿದು ಬರುತ್ತಿದ್ದರು. ಸೋರದಂತೆ ಕಾದದ್ದು ಮಣ್ಣಷ್ಟೇ ಅಲ್ಲ, ಆ ಕಾಲುಗಳೂ ಹೌದು. ವರ್ಷವರ್ಷದ ಮಣ್ಣು ಸೇರಿ ಮಾಳಿಗೆ ಭಾರವೂ ಆಗುತ್ತಿತ್ತು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಬಿಡದೆ ಸುರಿದ ಮಳೆಗೆ ರಾಯಚೂರು ಸೇರಿದಂತೆ ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮನೆಗಳು ನೆನೆದು ಕುಸಿದವು, ಎಷ್ಟೋ ಜನ ಅದರಡಿ ಜೀವ ಬಿಟ್ಟರು. ಹಾಗಾಗಿ ಹಳೆಯದಕ್ಕೇ ಹೋಗಿ ಎಂದು ನಾನು ಹೇಳಲಾರೆ.

ಇನ್ನು ನಿಮ್ಮ ಸ್ಲ್ಯಾಬ್. ಸಾಮಾನು ಕೊಳ್ಳುವ ಮೊದಲು ಒಂದು ಕೊಡ ನೀರು ತೆಗೆದುಕೊಂಡು ಮೇಲೆ ಹೋಗಿ, ನಡುವೆ ಸುರಿದು ಸ್ವಲ್ಪ ಹೊತ್ತು ನಿಂತು ನೋಡಿ. ನೀರು ಎಲ್ಲೆಲ್ಲಿ ನಿಲ್ಲುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಆಮೇಲೆ ಮೂರು ಕಡೆ ಬಗ್ಗಿ ನೋಡಿ: ಕುಂಬಿ ಗೋಡೆ ಸ್ಲ್ಯಾಬಿಗೆ ಕೂಡುವ ಮೂಲೆ, ಪೈಪು ಇಳಿದ ತೂತು, ಮತ್ತು ಮುಂದೆ ಇನ್ನೊಂದು ಅಂತಸ್ತು ಏರಿಸಬೇಕೆಂದು ಬಿಟ್ಟ ಕಾಲಂ ರಾಡುಗಳ ಬುಡ. ಈ ಮೂರನೆಯದನ್ನು ಹೆಚ್ಚು ಜನ ನೋಡುವುದೇ ಇಲ್ಲ. ರಾಡು ತುಕ್ಕು ಹಿಡಿದು ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಒಡೆಯುತ್ತದೆ, ನೀರು ರಾಡನ್ನು ಹಿಡಿದುಕೊಂಡೇ ಕೆಳಗಿಳಿಯುತ್ತದೆ. ಒಳಗೆ ಹನಿ ಬೀಳುವ ಜಾಗಕ್ಕೂ ಮೇಲೆ ನೀರು ಹೊಕ್ಕ ಜಾಗಕ್ಕೂ ಎಷ್ಟೋ ಸಲ ನಾಲ್ಕಾರು ಅಡಿ ಅಂತರವಿರುತ್ತದೆ. ಒಳಗಿನಿಂದ ಪುಟ್ಟಿ ಬಳಿಸುವುದು ದಂಡ.

ನುಣುಪು ಬೇರೆ, ನೀರು ತಡೆಯುವುದು ಬೇರೆ. ಫರ್ಸಿ ಕಲ್ಲು ನುಣುಪು ನಿಜ, ಆದರೆ ಕಲ್ಲಿನಷ್ಟು ಗಟ್ಟಿ ಅದರ ಸಂದು ಇರುವುದಿಲ್ಲ. ನಿಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹಗಲು ಹಿಗ್ಗಿ ರಾತ್ರಿ ಕುಗ್ಗುವ ಕಲ್ಲಿನ ಸಂದು ಒಂದೆರಡು ವರ್ಷದಲ್ಲಿ ಬಿಡುತ್ತದೆ. ಹೊಕ್ಕ ನೀರು ಕಲ್ಲಿನಡಿ ಸಿಕ್ಕಿಕೊಂಡು ವಾರಗಟ್ಟಲೆ ಸ್ಲ್ಯಾಬನ್ನು ನೆನೆಸುತ್ತದೆ. ಕರಿ ಡಾಂಬರ್ ಶೀಟು ನೀರು ತಡೆಯುತ್ತದೆ, ಆದರೆ ಬಯಲಿಗೆ ಬಿಟ್ಟರೆ ಬಿಸಿಲು ಕುಡಿದು ಕಾಯುತ್ತದೆ, ಮೆದುವಾಗುತ್ತದೆ. ಅದರ ಮೇಲೆ ಮೆಣಸಿನಕಾಯಿ ಹರಡಿ ಓಡಾಡುವಂತಿಲ್ಲ.

ನನ್ನ ಆಯ್ಕೆ ಇಟ್ಟಿಗೆ ಚೂರಿನ ಕೋಬಾ. ಮೊದಲು ಬಿರುಕು ಬಿಡಿಸಿ ತುಂಬಿ, ಮೂಲೆಗಳಿಗೆ ಗುಂಡಗೆ ಗಿಲಾವು ಕೊಟ್ಟು, ಸಿಮೆಂಟ್‌ಗೆ ಪಾಲಿಮರ್ ದ್ರವ ಕಲಸಿದ ಲೇಪವನ್ನು ಎರಡು ಸಲ ಬಳಿಸಿ. ಮೂಲೆಯಲ್ಲಿ ಅದರೊಳಗೆ ಫೈಬರ್ ಜಾಲರಿ ಇರಲಿ, ಲೇಪ ಕುಂಬಿಯ ಮೇಲೂ ಒಂದಡಿ ಏರಲಿ. ಅದರ ಮೇಲೆ ನೆನೆಸಿದ ಇಟ್ಟಿಗೆ ಚೂರು, ಗಾರೆ. ಇಲ್ಲಿಯೇ ವಾಟ ಬರಬೇಕು, ನಿಮ್ಮ ಗೌಂಡಿಗಳು ಢಾಳ ಅನ್ನಬಹುದು. 100 ಅಡಿಗೆ 1 ಅಡಿಯ ಲೆಕ್ಕ, ಅಂದರೆ 20 ಅಡಿ ಉದ್ದಕ್ಕೆ ಸುಮಾರು 2.5 ಇಂಚು ಇಳಿಜಾರು. ಮೇಲೆ ಬಿಳಿ ಟೈಲ್ಸ್ ಚೂರಿನ ಮೊಸಾಯಿಕ್. ಅದು ನುಣುಪು, ಗುಡಿಸಿದರೆ ಚೊಕ್ಕ, ಬಿಸಿಲನ್ನೂ ಹಿಂದಕ್ಕೆ ಕಳಿಸುತ್ತದೆ.

ಒಂದು ಎಚ್ಚರಿಕೆ: 4 ಇಂಚು ಕೋಬಾ ಒಂದು ಚದರಡಿಗೆ ಸುಮಾರು 17 ಕಿಲೋ ತೂಗುತ್ತದೆ. 600 ಚದರಡಿ ಮನೆಗೆ 10 ಟನ್ ಹೆಚ್ಚು ಭಾರ. ಅಜ್ಜನ ಮಾಳಿಗೆ ಕಲಿಸಿದ ಪಾಠ ಇದೇ. ಇಂಜಿನಿಯರೊಬ್ಬರಿಗೆ ಮನೆ ತೋರಿಸದೆ ಹೇರಬೇಡಿ. ಭಾರ ತಡೆಯದು ಎಂದರೆ, ನೀರು ನಿಲ್ಲುವ ತಗ್ಗುಗಳನ್ನು ಮಾತ್ರ ಸರಿಪಡಿಸಿ ಬಿಳಿ ಅಕ್ರಿಲಿಕ್ ಲೇಪ ಬಳಿಸಿ. ನೀರು ನಿಂತರೆ ಅದು ಎದ್ದು ಬರುತ್ತದೆ, ಸರಿಯಾಗಿದ್ದರೂ ಕೆಲವೇ ವರ್ಷಗಳಲ್ಲಿ ಮತ್ತೆ ಬಳಿಯಬೇಕಾಗುತ್ತದೆ. ಗೋಡೆಯಲ್ಲೂ ಓರೆ ಬಿರುಕುಗಳಿದ್ದರೆ ತಪ್ಪು ಪಾಯದಡಿಯ ಎರೆಯದು. ಅದನ್ನು ಬಿಟ್ಟು ಮೇಲೆ ಎಷ್ಟು ಖರ್ಚು ಮಾಡಿದರೂ ಬಿರುಕು ಮರಳಿ ಬರುತ್ತದೆ.

ಹೊಸದಾಗಿ ಮನೆ ಕಟ್ಟುವವರು ಇಷ್ಟು ಮಾಡಲಿ: ನಮ್ಮಂಥ ಬಿಸಿಲ ಸೀಮೆಯಲ್ಲಿ ಸ್ಲ್ಯಾಬಿಗೆ ಕನಿಷ್ಠ 10 ದಿನ, ಹಾರುಬೂದಿ ಬೆರೆತ ಸಿಮೆಂಟಾದರೆ 14 ದಿನ ನೀರು ಕಟ್ಟಬೇಕು. ಟ್ಯಾಂಕರ್ ಖರ್ಚು ಉಳಿಸಲು ಮೂರನೇ ದಿನಕ್ಕೇ ನಿಲ್ಲಿಸಿದ ಸ್ಲ್ಯಾಬ್‌ಗೆ ಯಾವ ಡಬ್ಬಿಯ ಔಷಧವೂ ಪೂರ್ತಿ ಹಿಡಿಯದು.

ಕೆಲಸವನ್ನು ಮಾಘ, ಫಾಲ್ಗುಣದಲ್ಲಿ ಹಿಡಿಯಿರಿ. ಸ್ಲ್ಯಾಬ್ ಒಣಗಿರುತ್ತದೆ, ಕಾದು ಕೆಂಡವಾಗಿರುವುದಿಲ್ಲ. ಮುಗಿದ ಮೇಲೆ ಪೈಪುಗಳ ಬಾಯಿ ಮುಚ್ಚಿ 48 ಗಂಟೆ ನೀರು ನಿಲ್ಲಿಸಿ. ಕೆಳಗೆ ಒಂದು ಹನಿಯೂ ಕಾಣದಿದ್ದರೆ ಮಾತ್ರ ಗೌಂಡಿಗೆ ಕೊನೆಯ ಕಂತು ಕೊಡಿ.